ಕಟ್ಟಿಕೊಂಡು ದೂಕುವ ಹುಡುಗ

ಅಕ್ಕನ ಮಗಳಿಗೆ ಬಂದ ಸಂಬಂಧದಲ್ಲಿ ಎಲ್ಲವೂ ಸರಿಯಾಗಿತ್ತು. ಹುಡುಗ ಹಿಂದೂಪುರದ ಕಡೆಯವನು, ನಮ್ಮ ಜನವೇ. ಎರಡೂ ಮನೆಯ ಹಿರಿಯರು ನೆಂಟರ ನೆಂಟರನ್ನು ಹಿಡಿದು ಎಳೆಯುತ್ತಾ ಹೋದಾಗ ಯಾವುದೋ ಕಾಲದಲ್ಲಿ ತೀರಿಹೋದ ಚಿಕ್ಕಜ್ಜನೊಬ್ಬನ ಹತ್ತಿರ ಗಂಟು ಸಿಕ್ಕಿ, ವರಸೆಯಲ್ಲಿ ನಾವು ಮೊದಲಿನಿಂದಲೂ ಬೀಗರೇ ಆಗಬೇಕು ಎಂದು ಎರಡೂ ಕಡೆಯವರು ಸಂತೋಷಪಟ್ಟಿದ್ದರು. ಕುಲ ಸರಿ, ಬಳಗ ಸರಿ, ಹೊಲ ಇದೆ, ಬೋರಿನಲ್ಲಿ ನೀರೂ ಇದೆ ಎಂದು ಅವರು ಹೇಳುತ್ತಾರೆ. ಹುಡುಗ ಎತ್ತರ ಇದ್ದಾನೆ, ತಲೆಯ ಮೇಲೆ ಕೂದಲಿದೆ. ಹೆಣ್ಣು ಕೊಡುವವರು ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿ, ಇನ್ನೇನು ಶಾಸ್ತ್ರಕ್ಕೆ ದಿನ ನೋಡಬೇಕು ಎನ್ನುವ ಹೊತ್ತಿಗೆ ಯಾರಿಗೋ ಹೊಳೆಯಿತು: ಹುಡುಗ ಏನು ಕೆಲಸ ಮಾಡುತ್ತಾನೆ?

ಅಕ್ಕನ ಮನೆ ಇರುವುದು ಕೆಂಚಾರ್ಲಹಳ್ಳಿಯ ಹತ್ತಿರ. ಬಾವ ರೇಷ್ಮೆ ಬೆಳೆಯುತ್ತಾರೆ, ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕುತ್ತಾರೆ, ಮಾರ್ಕೆಟ್ಟಿನಿಂದ ಬಂದ ಮೇಲೆ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡುವುದಿಲ್ಲ. ಬಾವನ ತಾಯಿ, ಮನೆಮಂದಿಯೆಲ್ಲ ಅಜ್ಜಿ ಎನ್ನುವವರು, ಹುಟ್ಟಿದ್ದು ಆಂಧ್ರದ ಗಡಿಯಾಚೆ. ಸೊಸೆಯಾಗಿ ಬಂದು ಮೊಮ್ಮಗಳ ಮದುವೆ ನೋಡುವ ವಯಸ್ಸಾದರೂ ಅವರ ನಾಲಗೆ ಇನ್ನೂ ಪೂರ್ತಿಯಾಗಿ ಗಂಡನ ಮನೆಗೆ ಬಂದಿಲ್ಲ. ಮಾತು ಕನ್ನಡದಲ್ಲಿ ಹೊರಡುತ್ತದೆ, ಮಧ್ಯದಲ್ಲಿ ತವರಿಗೆ ಹೋಗಿ ಒಂದು ಲೋಟ ನೀರು ಕುಡಿದು ಬರುತ್ತದೆ. ನನಗೆ ಮಾತು ಕಲಿಸಿದ ಹಿರಿಯರೂ ಇಂಥವರೇ ಆದ್ದರಿಂದ ಅಜ್ಜಿಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ ಎಂಬ ಹೆಮ್ಮೆ ನನಗಿತ್ತು.

ಆ ಭಾನುವಾರ ನಾನು ಚಿಂತಾಮಣಿಯಿಂದ ಅಕ್ಕನ ಮನೆಗೆ ಹೋಗಿದ್ದೆ. ಹುಡುಗನ ಸೋದರತ್ತೆಯಿಂದ ಫೋನು ಬಂತು. ಅವರದು ತೆಲುಗು, ಹಾಗಾಗಿ ಫೋನು ಅಜ್ಜಿಯ ಕೈಗೆ ಹೋಯಿತು. “ಆಂ… ಅವುನಾ… ಅಟ್ಲನಾ… ಸರೆಮ್ಮಾ, ಸರೆ” ಎಂದು ಅಜ್ಜಿ ಬಹಳ ಹೊತ್ತು ತಲೆಯಾಡಿಸಿ, ಫೋನು ಇಟ್ಟು, ವರದಿ ಒಪ್ಪಿಸಿದರು.

“ಹುಡುಗನಿಗೆ ವಿಮಾನದಲ್ಲಿ ಕೆಲಸವಂತೆ.”

ಬಾವನ ಮುಖ ಗೂಡಿಗೆ ಒಳ್ಳೆಯ ರೇಟು ಬಂದ ದಿನದ ಹಾಗೆ ಅರಳಿತು. “ಪೈಲಟ್ಟಾ?”

“ಪೈಲಟ್ಟು ಬೇರೆಯೋನು ಅವ್ನಂತೆ. ಇವನು ಜನಾನ ಕಟ್ಕೊಂಡು ದೂಕ್ತಾನಂತೆ.”

ಪಕ್ಕದ ಹುಳುಮನೆಯಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಕೇಳಿಸಿತು.

ಗಡಿಯಿಂದ ದೂರ ಇರುವವರಿಗೆ ಇಲ್ಲೊಂದು ವಿವರಣೆ ಕೊಡಬೇಕು. ತೆಲುಗಿನಲ್ಲಿ ದೂಕು ಎಂದರೆ ಜಿಗಿ, ಧುಮುಕು. ಕನ್ನಡದಲ್ಲಿ ದೂಕು ಎಂದರೆ ನೂಕು, ತಳ್ಳು. ನಮ್ಮ ತಾಲ್ಲೂಕುಗಳಲ್ಲಿ ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ. ಒಬ್ಬ ಬಾವಿಗೆ ದೂಕಿದ ಎಂದರೆ ಅವನು ಈಜಲು ಹೋದನೋ, ಕೊಲೆ ಮಾಡಿದನೋ ಎಂಬುದು ಹೇಳುವವರ ತವರು ಯಾವುದು ಎಂಬುದರ ಮೇಲೆ ನಿಂತಿದೆ. ಇನ್ನು ಕಟ್ಟಿಕೊಳ್ಳುವುದು. ಬೆನ್ನಿಗೆ ಮೂಟೆ ಕಟ್ಟಿಕೊಳ್ಳುವುದಕ್ಕೂ ಅದೇ ಮಾತು, ಹೆಂಡತಿಯನ್ನು ಕಟ್ಟಿಕೊಳ್ಳುವುದಕ್ಕೂ ಅದೇ ಮಾತು. ಹಿರಿಯರು ಎರಡನ್ನೂ ಒಂದೇ ಪದದಲ್ಲಿ ಮುಗಿಸಿದ್ದು ಸುಮ್ಮನೆ ಅಲ್ಲವೇನೋ.

“ಕಟ್ಕೊಂಡು ದೂಕ್ತಾನೆ ಅಂದ್ರೆ?” ಬಾವ ಮೆಲ್ಲಗೆ ಕೇಳಿದರು.

“ಅದೇ ಕಣ್ ನಾಯನಾ. ಕಟ್ಕೋತಾನೆ, ಮೇಲಕ್ಕೆ ಕರ್ಕೊಂಡ್ ಹೋಗ್ತಾನೆ, ದೂಕ್ತಾನೆ. ದಿನಾ ನಾಲ್ಕೈದು ಜನಾನಂತೆ. ಹೆಂಗಸ್ರೇ ಜಾಸ್ತಿಯಂತೆ.”

“ದಿನಾ ನಾಲ್ಕೈದು ಹೆಂಗಸ್ರನ್ನ ಕಟ್ಕೊಂಡು ದೂಕೋನಿಗೆ ನನ್ನ ಮಗಳನ್ನ ಕೊಡ್ಬೇಕಾ?” ಬಾವ ಎದ್ದೇ ನಿಂತರು.

“ಅದಕ್ಯಾಕೋ ಹಂಗೆ ಕಿರುಚ್ತೀಯ? ಅವ್ರೇ ದುಡ್ಡು ಕೊಟ್ಟು ದೂಕುಸ್ಕೋತಾರಂತೆ,” ಎಂದು ಅಜ್ಜಿ ಸಮಾಧಾನ ಮಾಡಿದರು.

ನನ್ನ ಎರಡು ಭಾಷೆಯ ಪಾಂಡಿತ್ಯ ಆ ಹೊತ್ತಿಗೆ ಏನು ಮಾಡುತ್ತಿತ್ತು ಎಂದರೆ, ಬಾವನ ಜೊತೆ ಸೇರಿ ಬೆವರುತ್ತಿತ್ತು. ಪೊಲೀಸಿಗೆ ಹೇಳಬೇಕಾ ಎಂದು ಸಹ ನಾನು ಕೇಳಿದೆ. ಆಗ ಒಳಗಿನಿಂದ ಹುಡುಗಿ ಬಂದಳು. ಅವಳು ಗೌರಿಬಿದನೂರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರು. ವಾರವೆಲ್ಲ ಅಲ್ಲೇ ಇದ್ದು ಭಾನುವಾರಕ್ಕೆ ಬರುತ್ತಾಳೆ.

“ಅಪ್ಪಾ, ದೂಕೋದಲ್ಲ, ಹಾರೋದು. ಸ್ಕೈಡೈವಿಂಗು. ಇಬ್ರನ್ನೂ ಬೆಲ್ಟಲ್ಲಿ ಸೇರಿಸಿ ಕಟ್ಟಿರ್ತಾರೆ. ಒಟ್ಟಿಗೆ ಹಾರ್ತಾರೆ, ಪ್ಯಾರಾಚೂಟು ಬಿಚ್ಕೊಳ್ತದೆ, ಇಳೀತಾರೆ. ಏನೂ ಆಗಲ್ಲ. ನಂಗೇನಾಯ್ತು ಈಗ?”

ಕೊನೆಯ ಮಾತು ಬೇಡವಾಗಿತ್ತು. ಆಡಿದ ಮೇಲೆ ಅವಳಿಗೂ ಹಾಗನ್ನಿಸಿರಬೇಕು, ಸೆರಗಿನ ತುದಿ ನೋಡಲು ಹೋದಳು. ಚೂಡಿದಾರಕ್ಕೆ ಸೆರಗಿರಲಿಲ್ಲ.

ಮಂಚೇನಹಳ್ಳಿಯ ಆಚೆ ಯಾರೋ ಸಾಹುಕಾರರು ತಮ್ಮ ಸಣ್ಣ ವಿಮಾನಕ್ಕೆಂದು ಹೊಲದ ನಡುವೆ ರನ್‌ವೇ ಮಾಡಿಸಿಕೊಂಡಿದ್ದಾರೆ, ಅಲ್ಲಿ ಒಂದು ಕಂಪನಿಯವರು ಈ ಚಳಿಗಾಲಕ್ಕೆ ಕ್ಯಾಂಪು ಹಾಕಿದ್ದಾರೆ, ಶಾಲೆಯ ಟೀಚರುಗಳೆಲ್ಲ ನೋಡಲು ಹೋದವರು ಇವಳನ್ನು ಮುಂದೆ ಮಾಡಿದ್ದಾರೆ. ಮನೆಯಲ್ಲಿ ಆ ದಿನವನ್ನು ‘ಟ್ರೈನಿಂಗು’ ಎಂದು ಹೇಳಿ ಮುಗಿಸಿದ್ದಳು. ಸುಳ್ಳೇನಲ್ಲ. ಹಾಗೆ ಕಟ್ಟಿಕೊಂಡು ಹಾರಿಸಿದವನೇ ಈ ಹುಡುಗ. ಕೆಳಗಿಳಿದ ಮೇಲೆ ಮಾತಾಗಿದೆ, ಮಾತು ಬೆಳೆದಿದೆ, ಆಮೇಲೆ ಇಬ್ಬರೂ ಸೇರಿ ನೆಂಟರ ನೆಂಟರನ್ನು ಹುಡುಕಿ ಹಿರಿಯರ ಕೈಗೆ ಕೊಟ್ಟಿದ್ದಾರೆ. ತೀರಿಹೋದ ಚಿಕ್ಕಜ್ಜನನ್ನು ಎಬ್ಬಿಸಿದ್ದು ನಾವಲ್ಲ, ಇವಳು.

ಬಾವ ಆ ದಿನ ಬೈಯಲಿಲ್ಲ. ಅದೇ ಭಯವಾದದ್ದು. ಜಗಲಿಯ ಮೇಲೆ ಕೂತು ಹೇಳಿದರು: “ಭೂಮಿ ಮೇಲೆ ಎಲ್ರೂ ಒಳ್ಳೇವ್ರೇ ಬಿಡಮ್ಮ. ಮೇಲೆ ಹೋದ್ಮೇಲೆ ಇನ್ನೊಬ್ರ ಜೀವ ಅವನ ಕೈಲಿರ್ತದೆ. ಅಲ್ಲಿ ಅವನು ಎಂಥೋನು ಅಂತ ನಮಗ್ಯಾರು ಹೇಳೋರು? ನಿನ್ನ ಬಿಟ್ಟು ನಮ್ಮನೆಯೋರು ಯಾರಾದ್ರೂ ಅವನ ಜೊತೆ ಮೇಲೆ ಹೋಗಿ ನೋಡ್ಕೊಂಡು ಬರ್ಲಿ. ಒಳ್ಳೇವ್ನು ಅಂದ್ರೆ ಕೊಡೋಣ. ಇಲ್ಲ ಅಂದ್ರೆ ಈ ಮಾತು ಈ ಮನೇಲಿ ಇನ್ನೊಂದು ಸಲ ಎತ್ಕೂಡ್ದು. ಒಪ್ತೀಯಾ?”

ಹುಡುಗಿ ತಡಮಾಡಲಿಲ್ಲ. “ಒಪ್ತೀನಿ. ಯಾರು ಹೋಗ್ತೀರ?”

ಆಮೇಲೆ ನಡೆದದ್ದನ್ನು ಚರ್ಚೆ ಎನ್ನಲಾರೆ. ಬಾವನ ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅದರ ಹಸಿವು ಹೇಳತೀರದು, ಸೊಪ್ಪು ಹಾಕಲು ಬಾವ ಇರಲೇಬೇಕು. ಬರೀ ಬಂದು ಕೆಳಗೆ ನಿಂತು ನೋಡುವುದಕ್ಕಾದರೆ ಹುಳುವಿನ ಅಭ್ಯಂತರ ಇರಲಿಲ್ಲವಂತೆ. ಅಕ್ಕನಿಗೆ ಮಂಡಿ ನೋವು. ಅಜ್ಜಿ ಮಾತ್ರ ಮನಸಾರೆ ಮುಂದೆ ಬಂದರು. “ನಾನ್ ಹೋಗ್ತೀನಿ ಪೋರಾ. ಇದ್ದೇನ್ ಮಾಡ್ಬೇಕು ಇನ್ನು?” ಅವರನ್ನು ಎಲ್ಲರೂ ಸೇರಿ ಸುಮ್ಮನಿರಿಸಿದರು. ಆಮೇಲೆ ಮನೆಯವರ ಕಣ್ಣೆಲ್ಲ ಒಂದೊಂದಾಗಿ ನನ್ನ ಮೇಲೆ ಬಂದು ಕೂತವು. ಸೋದರಮಾವ. ಸರ್ಕಾರಿ ಕಚೇರಿಯ ಗುಮಾಸ್ತ. ಮಕ್ಕಳು ದೊಡ್ಡವರಾಗಿದ್ದಾರೆ. ಇಡೀ ವಂಶದಲ್ಲಿ ಇಷ್ಟು ಸಲೀಸಾಗಿ ಬಿಟ್ಟುಕೊಡಬಹುದಾದ ಇನ್ನೊಂದು ಜೀವ ಅವರಿಗೆ ಕಾಣಿಸಲಿಲ್ಲ.

“ನಿಮ್ಮ ಮಾವಂಗೆ ಧೈರ್ಯ ಜಾಸ್ತಿ ಕಣೇ,” ಎಂದರು ಬಾವ. ಇಪ್ಪತ್ತೈದು ವರ್ಷದಲ್ಲಿ ಅವರ ಬಾಯಿಂದ ನನ್ನ ಬಗ್ಗೆ ಹೊರಟ ಮೊದಲ ಒಳ್ಳೆಯ ಮಾತು ಅದು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಲೇ, “ಹಳೇ ಪ್ಯಾಂಟ್ ಹಾಕ್ಕೊಂಡ್ ಹೋಗಿ,” ಎಂದಳು.

ಅದುವರೆಗೆ ನಾನು ಏರಿದ್ದ ಅತಿ ಎತ್ತರದ ಜಾಗ ಅಂಬಾಜಿದುರ್ಗ. ಅದನ್ನು ನಡೆದು ಹತ್ತಿದ್ದೆ, ನಡೆದೇ ಇಳಿದಿದ್ದೆ. ಇಳಿಯುವುದಕ್ಕೆ ಬೇರೆ ವಿಧಾನ ಇದೆ ಎಂಬ ಯೋಚನೆ ಯಾವ ಕಾಲಕ್ಕೂ ಬಂದಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬಾವನ ಟಾಟಾ ಏಸಿನಲ್ಲಿ, ಗೂಡಿನ ಚೀಲ ಹಾಕುವ ಜಾಗದಲ್ಲಿ ಜಮಖಾನ ಹಾಸಿ, ಎಲ್ಲರೂ ಹೊರಟೆವು. ಅಕ್ಕ ಪುಳಿಯೋಗರೆ ಕಟ್ಟಿಕೊಂಡಿದ್ದಳು. ಚಿಕ್ಕಬಳ್ಳಾಪುರ ದಾಟಿ ಮಂಚೇನಹಳ್ಳಿಯ ದಾರಿ ಹಿಡಿಯುವವರೆಗೂ ಅವಳು ನನ್ನ ಕೈ ಹಿಡಿದು ನಮ್ಮ ಅಮ್ಮನ ವಿಷಯ ಮಾತಾಡಿದಳು, ಅದೂ ತೀರಿಹೋದವರ ಬಗ್ಗೆ ಮಾತಾಡುವ ದನಿಯಲ್ಲಿ. ಅಮ್ಮ ತೀರಿಕೊಂಡಿದ್ದಾರೆ ನಿಜ. ಆದರೆ ದನಿ ನನಗಾಗಿ ಎತ್ತಿಟ್ಟದ್ದು ಎಂದು ನನಗೆ ಗೊತ್ತಾಗುತ್ತಿತ್ತು.

ಕ್ಯಾಂಪು ಎಂದರೆ ಮುಸುಕಿನ ಜೋಳ ಕಟಾವಾದ ಹೊಲಗಳ ನಡುವೆ ಒಂದು ಉದ್ದನೆಯ ಟಾರು ಪಟ್ಟಿ, ಒಂದು ಶಾಮಿಯಾನ, ಒಂದು ವಿಮಾನ. ವಿಮಾನವನ್ನು ನೋಡಿದ ಬಾವ, “ಇದೇನಯ್ಯ, ನಮ್ ಗಾಡೀಗಿಂತ ಚಿಕ್ಕದು,” ಎಂದರು. ಹುಡುಗ ಬಂದು ಎಲ್ಲರ ಕಾಲಿಗೂ ನಮಸ್ಕಾರ ಮಾಡಿದ. ನೋಡಲು ಚೆನ್ನಾಗಿದ್ದ. ಅಜ್ಜಿ ನೇರವಾಗಿ ವಿಷಯಕ್ಕೆ ಬಂದರು.

“ಆ ಛತ್ರಿ ಬಟ್ಟೆ ರೇಷ್ಮೇನಾ ಅಬ್ಬಾಯಿ?”

“ಇಲ್ಲಜ್ಜಿ, ನೈಲಾನು.”

ಅಜ್ಜಿ ಮಗನ ಕಡೆ ತಿರುಗಿದರು. “ರೇಷ್ಮೆ ಬೆಳೆಯೋ ಮನೆಗೆ ನೈಲಾನ್ ಅಳಿಯ.”

ತೂಕ ನೋಡಿದರು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮೇಲೆ ಏನಾದರೂ ಆದರೆ ಅದಕ್ಕೆ ಭೂಮಿಯ ಮೇಲಿರುವ ಯಾರೂ ಜವಾಬ್ದಾರರಲ್ಲ ಎಂಬುದು ಅದರ ಸಾರ. ಕಚೇರಿಯಲ್ಲಿ ನಾನೇ ಇಂಥ ಎಷ್ಟು ಕಾಗದ ಬರೆದಿಲ್ಲ! ಭಾಷೆ ಚೆನ್ನಾಗಿದೆ ಎಂದು ಮೆಚ್ಚಿ ಸಹಿ ಹಾಕಿದೆ.

ನಮ್ಮ ಕಡೆ ಹೆಣ್ಣಿನ ಸೋದರಮಾವ ಗಂಡು ನೋಡಲು ಹೋದರೆ ಅದಕ್ಕೊಂದು ಗತ್ತಿದೆ. ಕುರ್ಚಿ ಹಾಕಬೇಕು, ಕಾಲಿಗೆ ನೀರು ಕೊಡಬೇಕು, ನಾವು ಕಾಫಿ ಬೇಡ ಎನ್ನಬೇಕು, ಅವರು ಬಿಡಬಾರದು, ಹುಡುಗ ತಲೆ ತಗ್ಗಿಸಿ ಎದುರಿಗೆ ನಿಲ್ಲಬೇಕು. ಇಲ್ಲಿ ಹುಡುಗ ಮಂಡಿಯೂರಿ ನನ್ನ ತೊಡೆಸಂದಿಯಲ್ಲಿ ಪಟ್ಟಿ ಹಾಕಿ ಬಿಗಿಯುತ್ತಿದ್ದ. “ಟೈಟಾಯ್ತಾ ಮಾವ?” “ಆಯ್ತಪ್ಪ.” “ಇನ್ನೂ ಸ್ವಲ್ಪ ಮಾಡ್ಬೇಕು.” ಗಂಡಿನ ಗುಣ ಪರೀಕ್ಷಿಸಲು ಬಂದವನು ಉಸಿರು ಒಳಗೆಳೆದುಕೊಂಡು ನಿಂತಿದ್ದೆ. ಆಮೇಲೆ ಅವನು ನನ್ನನ್ನು ಒಂದು ಚಾಪೆಯ ಮೇಲೆ ಬೋರಲು ಮಲಗಿಸಿ, ಹೊಟ್ಟೆ ಮಾತ್ರ ನೆಲಕ್ಕಿರಲಿ, ತಲೆ ಕಾಲು ಎರಡೂ ಮೇಲೆ, ಬಾಳೆಹಣ್ಣಿನ ಹಾಗೆ ಬಾಗಬೇಕು ಎಂದ. ಐವತ್ತು ದಾಟಿದ ಬಾಳೆಹಣ್ಣು ಎಷ್ಟು ಬಾಗೀತು! ಬಾವ ಪಕ್ಕದಲ್ಲಿ ನಿಂತು, “ಇನ್ನೂ ಮೇಲೆತ್ತಯ್ಯಾ ಕಾಲು, ಮೇಲೆತ್ತು,” ಎಂದು ಹುರಿದುಂಬಿಸುತ್ತಿದ್ದರು. ಹುಡುಗಿ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ನಗುತ್ತಿದ್ದಳು, ಆದರೆ ಆ ನಗು ಬಾಯಿಯಷ್ಟಕ್ಕೇ ಇತ್ತು. ನಾನು ವಿಮಾನ ಹತ್ತುವಾಗ ಹತ್ತಿರ ಬಂದು, “ಮಾವ, ಏನ್ ಕಂಡ್ತೋ ಅದನ್ನೇ ಹೇಳು,” ಎಂದಷ್ಟೇ ಹೇಳಿದಳು.

ವಿಮಾನದಲ್ಲಿ ಸೀಟು ಇಲ್ಲ. ನೆಲದ ಮೇಲೆ ಹುಡುಗ ಕಾಲು ಚಾಚಿ ಕೂತ, ಅವನ ಕಾಲುಗಳ ನಡುವೆ ನಾನು ಕೂತೆ, ಎಣ್ಣೆ ನೀರಿಗೆ ಕೂತ ಮಗುವಿನ ಹಾಗೆ. ಮುಂದೆ ಪೈಲಟ್ಟು. ವಿಮಾನ ಮೇಲೇರಿದಂತೆ ಶಾಮಿಯಾನ ಕರವಸ್ತ್ರವಾಯಿತು, ಬಾವನ ಗಾಡಿ ಕಡಲೆಬೀಜವಾಯಿತು. ದೂರದಲ್ಲಿ ಬೆಟ್ಟಗಳು ಯಾರೋ ಒಣಗಲು ಹರಡಿಟ್ಟ ಹುಣಸೆಹಣ್ಣಿನ ಹಾಗೆ ಬಿದ್ದಿದ್ದವು. ಹುಡುಗ ನನ್ನ ಬೆನ್ನಿಗೆ ತನ್ನ ಎದೆ ಸೇರಿಸಿ ಕೊಕ್ಕೆಗಳನ್ನು ಹಾಕಿದ. ಒಂದೊಂದು ಕೊಕ್ಕೆ ಹಾಕಿದಾಗಲೂ ಅದನ್ನು ಎಳೆದು ನೋಡಿ, ನನ್ನ ಕೈಯಲ್ಲೂ ಎಳೆಸಿ ತೋರಿಸಿದ. ನಾನು ತಲೆಯಾಡಿಸುತ್ತಾ ಹೋದೆ. ತಲೆ ತಾನಾಗಿಯೇ ಆಡುತ್ತಿತ್ತು.

ಬಾಗಿಲು ತೆರೆಯಿತು.

ಗಾಳಿ ಎಂದರೆ ನನಗೆ ಗೊತ್ತಿದ್ದದ್ದು ರಾಗಿ ತೂರುವ ಗಾಳಿ. ಇದು ಬೇರೆ ಜಾತಿಯದು. ಹುಡುಗ ಮೆಲ್ಲಗೆ ಸರಿಯುತ್ತಾ ನನ್ನನ್ನೂ ಸರಿಸಿಕೊಂಡು ಬಾಗಿಲ ಅಂಚಿಗೆ ಬಂದ. ನನ್ನ ಎರಡು ಕಾಲು ಹೊರಗೆ ತೂಗಿದವು. ಕೆಳಗೆ ಗೌರಿಬಿದನೂರು ತಾಲ್ಲೂಕು ಪೂರ್ತಿ ಇತ್ತು, ಹಿಡಿದುಕೊಳ್ಳಲು ಮಾತ್ರ ಏನೂ ಇರಲಿಲ್ಲ.

“ಬೇಡ,” ಎಂದೆ.

ಅವನಿಗೆ ಕೇಳಿಸಲಿಲ್ಲ ಎನ್ನಿಸಿತು. “ಬೇಡಪ್ಪಾ! ಬೇಡ! ಬೇಡ! ವದ್ದು!” ಎಂದು ಎರಡು ಭಾಷೆಯಲ್ಲೂ ಕೂಗಿದೆ. ಈಗ ದೂಕುತ್ತಾನೆ, ಕನ್ನಡದಲ್ಲಿ ದೂಕುತ್ತಾನೆ, ಅಷ್ಟೇ, ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ. ಅವನ ಕೈ ನನ್ನ ಎದೆಯ ಮೇಲೆ ಬಂತು. ಹಿಂದಕ್ಕೆ ಎಳೆದುಕೊಂಡಿತು. ಕಾಲುಗಳು ಒಳಗೆ ಬಂದವು. ಅವನು ಪೈಲಟ್ಟಿನ ಭುಜ ತಟ್ಟಿ ಏನೋ ಸನ್ನೆ ಮಾಡಿದ, ಬಾಗಿಲು ಎಳೆದ. ಸದ್ದು ತಗ್ಗಿತು.

“ಸರಿ ಮಾವ. ವಿಮಾನದಲ್ಲೇ ಇಳಿಯಣ. ಉಸಿರು ಬಿಡಿ ಮೊದ್ಲು.”

ಬಿಟ್ಟೆ. ಆಗ ಗುಮಾಸ್ತನ ಬುದ್ಧಿ ಎದ್ದಿತು. “ಕೆಳಗೆ ಏನ್ ಹೇಳೋದು?”

“ಗಾಳಿ ಸರಿ ಇರ್ಲಿಲ್ಲ ಅಂತ ನಾನ್ ಹೇಳ್ತೀನಿ. ನಿಮ್ ಹೆಸ್ರು ಬರಲ್ಲ.”

“ಮದ್ವೆ ವಿಷ್ಯ?”

ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಬೆನ್ನಿಗಿತ್ತು.

“ಅದು ಬೇರೆ ಮಾವ. ಬೇಡ ಅಂದೋರ್ನ ಕಟ್ಕೊಂಡು ನಾನು ದೂಕಲ್ಲ.”

ಅವನು ಅದನ್ನು ತೆಲುಗಿನಲ್ಲಿ ಹೇಳಿದನೋ ಕನ್ನಡದಲ್ಲಿ ಹೇಳಿದನೋ ನಾನು ಕೇಳಲಿಲ್ಲ. ಯಾವ ಕಡೆಯಿಂದ ನೋಡಿದರೂ ಮಾತು ಸರಿಯಾಗಿಯೇ ಇತ್ತು. ಕಟ್ಟಿಕೊಳ್ಳುವುದಕ್ಕೂ ಎರಡೂ ಅರ್ಥ ಹಾಕಿ ನೋಡಿದೆ. ಆಗಲೂ ಸರಿಯಾಗಿತ್ತು.

ನನ್ನ ಕಷ್ಟ ಶುರುವಾದದ್ದೇ ಅಲ್ಲಿ. ಈ ಮಾತನ್ನು ಒಯ್ದು ಬಾವನಿಗೆ ಹೇಳಿದರೆ ಕೆಲಸ ಮುಗಿಯಿತು, ಹಾರುವ ಅಗತ್ಯವೇ ಇಲ್ಲ. ಆದರೆ ಬಾವ ಹಾರದೆ ಬಂದವನ ಮಾತು ಕೇಳುವ ಪೈಕಿಯಲ್ಲ. ‘ನೀನು ಬೀಳ್ಲೇ ಇಲ್ವಲ್ಲಯ್ಯಾ, ನಿಂಗೇನ್ ಗೊತ್ತು?’ ಎನ್ನುತ್ತಾರೆ. ಅವರು ಎನ್ನುವುದು ಸರಿಯೂ ಹೌದು. ಆ ಹುಡುಗಿ ಕೆಳಗೆ ತಲೆ ಎತ್ತಿ ನಿಂತಿರುತ್ತಾಳೆ. ಇನ್ನೊಂದು ಸಲ ಈ ಮಾತು ಎತ್ತುವುದಿಲ್ಲ ಎಂದು ಒಪ್ಪಿದ್ದಾಳೆ, ಒಪ್ಪಿದರೆ ಅವಳು ಎತ್ತುವವಳಲ್ಲ. ಇಷ್ಟು ವರ್ಷದಲ್ಲಿ ನನ್ನಿಂದ ಯಾರ ಬಾಳೂ ಹೀಗೆ ತೂಗಿಬಿದ್ದಿರಲಿಲ್ಲ. ಕಚೇರಿಯಲ್ಲಿ ಒಂದಷ್ಟು ಫೈಲುಗಳು ಬಿದ್ದಿದ್ದವು, ಅವು ಬೇರೆ.

“ಇನ್ನೊಂದು ಸುತ್ತು ಹೊಡೀಲಿ,” ಎಂದೆ.

“ಬಲವಂತ ಇಲ್ಲ ಮಾವ.”

“ಗೊತ್ತು. ಅದಕ್ಕೇ ಹೊಡೀಲಿ ಅಂದೆ.”

ಎರಡನೆಯ ಸಲ ಬಾಗಿಲು ತೆರೆದಾಗ ಅವನು ನನ್ನ ಭುಜದ ಮೇಲಿಂದ ಬಗ್ಗಿ, “ಮಾವ?” ಎಂದು ಕೇಳಿದ. ನಾನು, “ದೂಕಪ್ಪಾ,” ಎಂದೆ.

ಹಕ್ಕಿಯ ಹಾಗೆ ಹಾರಿದೆ ಎಂದು ಬರೆಯುವವರಿದ್ದಾರೆ. ಹಕ್ಕಿ ಹೀಗೆ ರಾಗಿಮೂಟೆಯಂತೆ ಬೀಳುವುದನ್ನು ನಾನು ನೋಡಿಲ್ಲ. ನನ್ನ ಕೆನ್ನೆಗಳು ಕಿವಿಯ ಹಿಂದೆ ಹೋಗಿ ಒಂದನ್ನೊಂದು ಭೇಟಿಯಾದವು. ಬಾಯಿ ತೆರೆದೆ, ಮುಚ್ಚಲು ಆಗಲಿಲ್ಲ. ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ, ಗೊತ್ತಿಲ್ಲದ ಇಬ್ಬರನ್ನೂ ಸೇರಿಸಿದೆ. ಬಾಳೆಹಣ್ಣು ಮರೆತೇಹೋಗಿತ್ತು. ಹುಡುಗ ತನ್ನ ಕಾಲಿನಿಂದ ನನ್ನ ಕಾಲನ್ನು ಹಿಂದಕ್ಕೆ ಮಡಿಸಿ, ಎದೆಗೆ ಅಪ್ಪಿಕೊಂಡಿದ್ದ ನನ್ನ ಕೈಗಳನ್ನು ತಟ್ಟಿ ಬಿಡಿಸಿದ. ಕೈ ಚಾಚಿದ ಮೇಲೆ ಬೀಳುತ್ತಿದ್ದೇನೆ ಅನ್ನಿಸಲಿಲ್ಲ, ಬಹಳ ದೊಡ್ಡದಾದ, ಬಹಳ ಕೋಪಗೊಂಡ ಗಾಳಿಯ ಹಾಸಿಗೆಯ ಮೇಲೆ ಮಲಗಿದ್ದೇನೆ ಎನ್ನಿಸಿತು. ಸುಳ್ಳು ಹೇಳಬಾರದು, ಅದರಲ್ಲಿ ಒಂದು ಚೂರು ಚೆನ್ನಾಗಿತ್ತು.

ಆಮೇಲೆ ಯಾರೋ ಕತ್ತಿನ ಪಟ್ಟಿ ಹಿಡಿದು ಎತ್ತಿದ ಹಾಗೆ ಮೇಲಕ್ಕೆ ಎಳೆಯಿತು. ಸದ್ದೆಲ್ಲ ನಿಂತುಹೋಯಿತು. ತಲೆಯ ಮೇಲೆ ಹಳದಿ ಬಣ್ಣದ ನೈಲಾನು ಅರಳಿಕೊಂಡಿತ್ತು. ಕೆಳಗೆ ಕೆರೆಗಳು ಅರ್ಧಂಬರ್ಧ ನೀರಿನಲ್ಲಿ ಹೊಳೆಯುತ್ತಿದ್ದವು. ಪಾಲಿಹೌಸುಗಳು ಬಿಳಿ ಟಾರ್ಪಾಲು ಹಾಸಿದ ಹಾಗಿದ್ದವು. ಅಲ್ಲಿಗೆ ಬಂದ ಮೇಲೆ ನನಗೆ ನಾನು ಯಾರೆಂಬುದು ನೆನಪಾಯಿತು. ಸೋದರಮಾವ. ಗಂಡಿನ ಸೊಂಟಕ್ಕೆ ತೂಗಿಬಿದ್ದುಕೊಂಡೇ ಕೆಮ್ಮಿ ಗಂಟಲು ಸರಿಮಾಡಿಕೊಂಡೆ.

“ಕುಡೀತೀಯೇನಪ್ಪಾ?”

“ಹಾರೋ ಹಿಂದಿನ ದಿನ ಮುಟ್ಟಂಗಿಲ್ಲ ಮಾವ.”

“ವಾರಕ್ಕೆ ಎಷ್ಟು ದಿನ ಹಾರ್ತೀಯ?”

“ಹೆಚ್ಚುಕಮ್ಮಿ ದಿನಾ.”

“ಮತ್ತೆ ಯಾವಾಗ ಕುಡೀತೀಯ?”

“ಅದೇ ಮಾವ, ಟೈಮೇ ಸಿಕ್ಕಲ್ಲ.”

ಉತ್ತರ ಸರಿಯಾಗಿತ್ತು. ಮುಂದಿನದಕ್ಕೆ ಹೋದೆ. “ಭಯ ಗಿಯ ಇಲ್ವಾ ನಿಂಗೆ?”

“ಐತೆ ಮಾವ.”

“ಬೀಳೋದಾ?”

“ಇಲ್ಲ. ನಿಮ್ ಬಾವ.”

ಭೂಮಿ ಹತ್ತಿರ ಬರುತ್ತಿತ್ತು. ಅವನು, “ಕಾಲು ಎತ್ತಿ ಮಾವ, ಎತ್ತಿ, ಎತ್ತಿ,” ಎನ್ನುತ್ತಿದ್ದ. ನಾನು ಎತ್ತಿದ್ದೇನೆ ಎಂದು ತಿಳಿದುಕೊಂಡಿದ್ದೆ. ಒಂದು ಕಾಲು ಮಾತ್ರ ಎತ್ತಿದ್ದೆನಂತೆ. ಕೂಳೆ ಹೊಲದ ಮೇಲೆ ಇಬ್ಬರೂ ಕೂತು, ಜಾರಿ, ಪಕ್ಕಕ್ಕೆ ಉರುಳಿದೆವು. ಸೊಂಟದಲ್ಲಿ ಏನೋ ಕಳಕ್ಕೆಂದಿತು.

ಬಾವ ಎಲ್ಲರಿಗಿಂತ ಮೊದಲು ಓಡಿಬಂದರು. ಹಿಂದೆಯೇ ಅಕ್ಕ, ಅಜ್ಜಿಯ ಕೈ ಹಿಡಿದುಕೊಂಡ ಹುಡುಗಿ. “ಏನಯ್ಯಾ ಎರಡೆರಡು ಸುತ್ತು ಹೊಡೀತು ವಿಮಾನ? ನಾವಿಲ್ಲಿ ಪ್ರಾಣ ಕೈಲಿಡ್ಕೊಂಡು ನಿಂತಿದೀವಿ!”

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಕೊಕ್ಕೆ ಬಿಚ್ಚುತ್ತಾ ಹೇಳಿದ: “ಗಾಳಿ ಸರಿ ಇರ್ಲಿಲ್ಲ. ಅದಕ್ಕೆ ನಾನೇ ಇನ್ನೊಂದು ಸುತ್ತು ಹೊಡೀರಿ ಅಂದೆ.”

“ಅದೇ ನಾನೂ ಅಂದೆ,” ಎಂದರು ಬಾವ ಅಕ್ಕನ ಕಡೆ ತಿರುಗಿ. “ನಮ್ ಬಾಮೈದ ಹೆದರೋ ಪೈಕಿ ಅಲ್ಲ.”

ಹುಡುಗ ಬಟ್ಟೆ ಸುತ್ತಿಕೊಳ್ಳಲು ಆಚೆ ಹೋದ. ಅಕ್ಕ ನನ್ನ ಮೈಮೇಲಿನ ಮಣ್ಣು ಕೊಡವಿದಳು, ನೀರು ಕೊಟ್ಟಳು, ದೃಷ್ಟಿ ತೆಗೆದಳು. ಬಾವ ನನ್ನ ಬೆನ್ನು ತಟ್ಟಿದರು. ಆ ಕ್ಷಣ ಬಹಳ ಸೊಗಸಾಗಿತ್ತು. ಊರಿನಲ್ಲಿ ಇನ್ನು ಹತ್ತು ವರ್ಷ ಮದುವೆ ಮುಂಜಿಗಳಲ್ಲಿ ಹೇಳಿಕೊಳ್ಳಬಹುದಾದ ಕಥೆ ರೆಡಿಯಾಗಿ ಕೈಗೆ ಸಿಕ್ಕಿತ್ತು. ಹುಡುಗ ಅದನ್ನು ಇಸ್ತ್ರಿ ಮಾಡಿ ಮಡಿಸಿ ಕೊಟ್ಟಿದ್ದ. ನಾನು ಸುಮ್ಮನೆ ಅದನ್ನು ತೊಟ್ಟುಕೊಂಡರೆ ಸಾಕಿತ್ತು.

ಬಾವ ಕುಕ್ಕರುಗಾಲಲ್ಲಿ ನನ್ನ ಪಕ್ಕ ಕೂತರು. ದನಿ ತಗ್ಗಿಸಿದರು. “ಈಗ ಹೇಳು. ಹೆಂಗೆ?”

ಹುಡುಗಿ ನನ್ನನ್ನೇ ನೋಡುತ್ತಿದ್ದಳು.

“ಗಾಳಿಗೇನೂ ಆಗಿರ್ಲಿಲ್ಲ ಬಾವ,” ಎಂದೆ. “ನಾನು ಬೇಡ ಅಂದೆ. ಬಾಗ್ಲಲ್ಲಿ ಕೂತು ಬೇಡ ಬೇಡ ಅಂತ ಕಿರುಚ್ಕೊಂಡೆ.”

“ಅವನೇನ್ ಮಾಡ್ದ?”

“ಒಳಕ್ಕೆ ಎಳ್ಕೊಂಡ. ಬಾಗ್ಲು ಹಾಕ್ದ. ಕೆಳಕ್ಕೆ ಹೋಗಣ ಅಂದ.”

“ಬೈಲಿಲ್ವಾ?”

“ಇಲ್ಲ.”

“ನಗ್ಲಿಲ್ವಾ?”

“ಇಲ್ಲ ಬಾವ. ಹಿಂಗೇ ಇಳಿದ್ರೆ ನೀವು ಒಪ್ಪಲ್ಲ ಅಂತ ಅವ್ನಿಗೆ ಗೊತ್ತಿತ್ತು. ಆದ್ರೂ ಒಂದು ಸಲಾನೂ ಬನ್ನಿ ಮಾವ, ಏನಾಗಲ್ಲ ಅನ್ಲಿಲ್ಲ. ಆಮೇಲೆ ನಾನೇ ಹೋಗಣ ಅಂದೆ.”

“ಮತ್ತೆ ಈಗ ಗಾಳಿ ಅಂದ?”

“ನನ್ನ ಮರ್ಯಾದೆ ಉಳಿಸೋಕೆ.”

ಮರ್ಯಾದೆ ಅಷ್ಟರಲ್ಲಿ ಹೊಲದ ಆಚೆ ದಂಡೆ ದಾಟಿ ಹೋಗಿತ್ತು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅಜ್ಜಿ, “ನನ್ನ ಕಳ್ಸಿದ್ರೆ ಒಂದೇ ಸುತ್ತಿಗೆ ಆಗ್ತಿತ್ತು,” ಎಂದರು.

ಬಾವ ಮಾತ್ರ ನಗಲಿಲ್ಲ. ಒಂದು ಕೂಳೆಯನ್ನು ಕಿತ್ತು, ಅದರ ಬೇರಿನ ಮಣ್ಣು ಉದುರಿಸುತ್ತಾ ಕೂತರು. ಸೊಪ್ಪಿಗೆ ಬಿಸಿಲು ಹತ್ತಿದೆಯೇ ಎಂದು ಹುಳುಮನೆಯ ಬಾಗಿಲಲ್ಲಿ ನಿಂತು ನೋಡುವಾಗ ಅವರ ಮುಖ ಹೀಗೇ ಇರುತ್ತದೆ. ಅವರು ಹುಡುಗನ ಕಡೆ ನೋಡಿದರು. ಅವನು ನಮಗೆ ಬೆನ್ನು ಹಾಕಿ, ನೈಲಾನನ್ನು ಮೊಳಮೊಳ ಎಳೆದು ಮಡಿಸುತ್ತಿದ್ದ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದ.

“ಸೊಂಟ ಹೆಂಗೈತೆ?” ಬಾವ ನನ್ನನ್ನು ಕೇಳಿದರು.

“ಹಿಡ್ಕೊಂಡೈತೆ ಬಾವ.”

“ಎಣ್ಣೆ ಹಚ್ಚಿ ಸರಿ ಮಾಡ್ಕೋ. ಹುಡುಗೀನ ಎತ್ಕೊಂಡು ಹಸೆಮಣೆಗೆ ಬರೋನು ನೀನೇ ತಾನೆ? ಆವತ್ತು ಬೇಡ ಬೇಡ ಅಂತ ಕಿರುಚ್ಬೇಡ ಮತ್ತೆ.”

ಅಕ್ಕನ ನಗು ನಿಂತು ಕಣ್ಣಲ್ಲಿ ನೀರು ಬಂತು. ಹುಡುಗಿ ಅಪ್ಪನ ಭುಜ ಒಂದು ಸಲ ಮುಟ್ಟಿ, ಅಜ್ಜಿಯನ್ನು ಅಕ್ಕನ ಕೈಗೆ ಕೊಟ್ಟು, ಹೊಲಕ್ಕೆ ಅಡ್ಡವಾಗಿ ಓಡಿದಳು. ಅವಳು ಏನು ಹೇಳಿದಳೋ ನಮಗೆ ಕೇಳಿಸಲಿಲ್ಲ. ಹುಡುಗ ಕೈಯಲ್ಲಿದ್ದ ಬಟ್ಟೆಯನ್ನು ಬಿಟ್ಟುಬಿಟ್ಟ. ಗಾಳಿ ಅದರೊಳಗೆ ನುಗ್ಗಿತು. ಹಳದಿ ನೈಲಾನು ಎದ್ದು ನಿಂತು ಹೊಲದ ಮೇಲೆ ಓಟ ಕಿತ್ತಿತು. ಹಗ್ಗ ಹಿಡಿಯಲು ಹುಡುಗ ಓಡಿದ, ಅವನ ಹಿಂದೆ ಹುಡುಗಿ ಓಡಿದಳು.

“ಏಯ್, ಹಿಡೀರೋ! ಆ ಕಡೆ ಬೇಲಿ ಐತೆ, ಹರಿದ್ಹೋಗ್ತದೆ!” ಎಂದು ಬಾವ ಕೂಗಿದರು. ಯಾರೂ ಹಿಡಿಯಲಿಲ್ಲ. ಆಗ ಅವರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಅಲ್ಲೇ ಬಿಟ್ಟು, ಅಳಿಯನ ಹಿಂದೆ ತಾವೂ ಓಡಿದರು.

ನಾನು ಏಳಲಿಲ್ಲ. ನನಗೆ ಸೊಂಟ ನೋಡಿಕೊಳ್ಳುವ ಕೆಲಸವಿತ್ತು.